ತೆರಿಗೆ ಬಾಕಿ, ಜಪ್ತಿ, ಹರಾಜು: ಜಾಗ ಇದ್ದವರಿಗೂ ಕೊಳ್ಳುವವರಿಗೂ

ಮಂಗಳೂರು, ಉಡುಪಿಗೆ ಹೊಸದಾಗಿ ಬಂದವರು ಬಾಡಿಗೆ ಮನೆ, ಮಕ್ಕಳ ಶಾಲೆ, ಗ್ಯಾಸು ಎಲ್ಲ ಒಂದು ಹದಕ್ಕೆ ಬಂದ ಮೇಲೆ ಸಂಘದಲ್ಲಿ ಕೇಳುವ ಪ್ರಶ್ನೆ: "ತೆರಿಗೆ ಕಟ್ಟದವರ ಜಾಗ ಸರ್ಕಾರದ ಹರಾಜಿನಲ್ಲಿ ಕಡಿಮೆಗೆ ಸಿಗುತ್ತದಂತೆ, ಹೌದಾ?" ಸಿಗಬಹುದು. ಆದರೆ ಬಾಕಿದಾರರಿಗೆ ಆ ಜಾಗದ ಮೇಲೆ ಎಷ್ಟು ಹಕ್ಕು ಉಂಟೋ, ಸಾಮಾನ್ಯವಾಗಿ ಅಷ್ಟೇ ನಿಮ್ಮ ಕೈಗೆ ಬರುವುದು. ನಮ್ಮ ಕರಾವಳಿಯಲ್ಲಿ ಆ "ಎಷ್ಟು" ಎಂಬುದೇ ದೊಡ್ಡ ಕಥೆ.

ಮೊದಲು ಒಂದು ಗೊಂದಲ ಕಳೆಯೋಣ. ಪತ್ರಿಕೆಯಲ್ಲಿ ಫೋಟೋ ಸಮೇತ ಬರುವ ಹರಾಜು ಜಾಹೀರಾತುಗಳಲ್ಲಿ ಜಾಸ್ತಿ ಬ್ಯಾಂಕಿನವು. ಸಾಲ ತೀರಿಸದವರ ಮನೆಯನ್ನು ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಮಾರುತ್ತದೆ. ತೆರಿಗೆ ಬಾಕಿಯ ಹರಾಜು ಬೇರೆ. ಅದನ್ನು ತಹಶೀಲ್ದಾರರೋ ಆದಾಯ ತೆರಿಗೆಯ ವಸೂಲಾತಿ ಅಧಿಕಾರಿಯೋ ನಡೆಸುತ್ತಾರೆ. ನೋಟಿಸು ಓದುವಾಗ ಕೆಳಗೆ ಸಹಿ ಯಾರದ್ದು ಎಂದು ನೋಡಿ, ಅರ್ಧ ವಿಷಯ ಅಲ್ಲೇ ಗೊತ್ತಾಗುತ್ತದೆ. ಅಮೆರಿಕದಿಂದ ವಾಪಸಾದ ಕೆಲವರು ಅಲ್ಲಿನ ಹಾಗೆ ತೆರಿಗೆ ಬಾಕಿಯ ಸರ್ಟಿಫಿಕೇಟು ಕೊಂಡು ಬಡ್ಡಿ ಪಡೆಯಬಹುದಾ ಎಂದು ವಿಚಾರಿಸುತ್ತಾರೆ. ಅಲ್ಲಿ ಕೆಲವು ರಾಜ್ಯಗಳಲ್ಲಿ ಅದು ಉಂಟು, ಇಲ್ಲಿ ಇಲ್ಲ.

ಜಾಗ, ಮನೆ ಇದ್ದವರಿಗೆ

ಮಹಾನಗರ ಪಾಲಿಕೆ, ನಗರಸಭೆ, ಪಂಚಾಯತ್, ಮೂರರಲ್ಲಿ ನಿಮ್ಮ ಮನೆ ಯಾವುದಕ್ಕೆ ಸೇರಿದ್ದು ಎಂದು ತಿಳಿದುಕೊಳ್ಳಿ. ಸುರತ್ಕಲ್ ದೂರ ಅನ್ನಿಸಿದರೂ ಮಂಗಳೂರು ಪಾಲಿಕೆಯದ್ದೇ. ಮಣಿಪಾಲ ಉಡುಪಿ ನಗರಸಭೆಯದ್ದು. ನಗರದಲ್ಲಿ ತೆರಿಗೆಯನ್ನು ನೀವೇ ಲೆಕ್ಕ ಹಾಕಿ ಕಟ್ಟಬೇಕು. ಏಪ್ರಿಲ್ ಒಳಗೆ ಕಟ್ಟಿದರೆ 5% ರಿಯಾಯಿತಿ. ಜೂನ್ ದಾಟಿದರೆ ತಿಂಗಳು ತಿಂಗಳು ದಂಡ ಏರುತ್ತದೆ.

ಕಟ್ಟಲು ದುಡ್ಡಿಲ್ಲದೆ ಬಾಕಿಯಾಗುವುದು ಒಂದು ರೀತಿ. ನಮ್ಮ ಕಡೆ ಇನ್ನೊಂದು ರೀತಿಯನ್ನೇ ಹೆಚ್ಚು ನೋಡುತ್ತೇವೆ: ನೋಟಿಸು ತಲುಪುವುದೇ ಇಲ್ಲ. ಫ್ಲ್ಯಾಟು ರಿಜಿಸ್ಟ್ರಿ ಆಗಿರುತ್ತದೆ, ಖಾತಾ ಮಾತ್ರ ಇನ್ನೂ ಬಿಲ್ಡರ್ ಹೆಸರಿನಲ್ಲಿ. ಅಥವಾ ಅಜ್ಜ ತೀರಿಕೊಂಡು ವರ್ಷಗಳಾಗಿವೆ, ಖಾತಾದಲ್ಲಿ ಅವರೇ ಇದ್ದಾರೆ. ಮಕ್ಕಳು ದುಬೈ, ಮಸ್ಕತ್, ಮುಂಬೈಯಲ್ಲಿ. ಬೀಗ ಹಾಕಿದ ಗೇಟಿನ ಮೇಲೆ ಅಂಟಿಸಿದ ಕಾಗದ ಒಂದು ಮಳೆಗೆ ಕರಗಿಹೋಗುತ್ತದೆ. ನಮ್ಮ ಆಷಾಢದ ಮಳೆ ಗೊತ್ತಲ್ಲ? ಕಾನೂನಿನ ಕಣ್ಣಿಗೆ ಮಾತ್ರ ನೋಟಿಸು ಜಾರಿಯಾಗಿದೆ. ಆದ್ದರಿಂದ ರಿಜಿಸ್ಟ್ರಿ ಮುಗಿದ ಕೂಡಲೇ ಖಾತಾ ನಿಮ್ಮ ಹೆಸರಿಗೆ ಮಾಡಿಸಿ, ಫೋನ್ ನಂಬರು ಸರಿ ಇದೆಯಾ ನೋಡಿ. "ಆಮೇಲೆ ಮಾಡುವ" ಎನ್ನುವ ಬ್ರೋಕರಿನ ಮಾತಿಗೆ ತಲೆ ಆಡಿಸಬೇಡಿ.

ಬಾಕಿ ಒಮ್ಮೆ "ಭೂಕಂದಾಯದ ಬಾಕಿ" ಎಂದು ವಸೂಲಿಗೆ ಹೋದರೆ ದಾರಿ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯದ್ದು. ತೆರಿಗೆ ಮಾತ್ರ ಅಲ್ಲ, ರೇರಾ (ಬಿಲ್ಡರುಗಳ ಮೇಲೆ ನಿಗಾ ಇಡುವ ಪ್ರಾಧಿಕಾರ) ಆದೇಶದಂತೆ ಬಿಲ್ಡರ್ ಕೊಡಬೇಕಾದ ಹಣವೂ ಹೀಗೆ ಜಿಲ್ಲಾಧಿಕಾರಿ ಮೂಲಕ ವಸೂಲಿಗೆ ಬರುತ್ತದೆ. ಬಾಕಿ ಬೆಂಗಳೂರಿನದ್ದಾದರೂ ಉಡುಪಿಯ ಜಾಗ ಜಪ್ತಿಯಾಗಬಹುದು. ಬೇರೆ ಜಿಲ್ಲೆಯ ಕಲೆಕ್ಟರಿಗೆ ಸರ್ಟಿಫಿಕೇಟು ಕಳಿಸುವ ಕ್ರಮ 1890ರ ರೆವೆನ್ಯೂ ರಿಕವರಿ ಕಾಯ್ದೆಯಿಂದಲೇ ಇದೆ.

ಮೊದಲು ಬೇಡಿಕೆ ನೋಟಿಸು, ಆಮೇಲೆ ಜಪ್ತಿ, ಆಮೇಲೆ ಹರಾಜಿನ ಪ್ರಕಟಣೆ. ಜಪ್ತಿಯಾದ ಜಾಗವನ್ನು ಯಾರಿಗಾದರೂ ಸುಮ್ನೆ ಬರೆದುಕೊಟ್ಟು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಪ್ರಕಟಣೆಯಾಗಿ 30 ದಿನ ಕಳೆಯದೆ ಹರಾಜು ಹಾಕುವಂತಿಲ್ಲ. ಅಷ್ಟರೊಳಗೆ ಬಾಕಿ, ಬಡ್ಡಿ, ಖರ್ಚು ಕಟ್ಟಿದರೆ ಅಲ್ಲಿಗೇ ನಿಲ್ಲುತ್ತದೆ.

ಹರಾಜು ಮುಗಿದರೂ ಒಂದು ಬಾಗಿಲು ತೆರೆದಿರುತ್ತದೆ. 30 ದಿನದೊಳಗೆ ಪೂರ್ತಿ ಬಾಕಿಯ ಜೊತೆಗೆ ಕೂಗಿದ ಬೆಲೆಯ 5% ಠೇವಣಿ ಇಟ್ಟರೆ ಹರಾಜು ರದ್ದಾಗುತ್ತದೆ. ಆ 5% ಕೊಂಡವರ ಪಾಲಿಗೆ, ಅವರ ತೊಂದರೆಗೆ ಪರಿಹಾರ. ಪ್ರಕಟಣೆಯಲ್ಲಿ, ಹರಾಜಿನಲ್ಲಿ ದೊಡ್ಡ ಲೋಪವಾಗಿ ನಷ್ಟವಾಗಿದ್ದರೆ ತಕರಾರು ಅರ್ಜಿಯನ್ನೂ ಹಾಕಬಹುದು. ಆದರೆ ಎರಡು ದೋಣಿಯಲ್ಲಿ ಕಾಲಿಡುವ ಮೊದಲು ವಕೀಲರ ಹತ್ತಿರ ಹೋಗಿ, ದಿನ ಎಣಿಸುತ್ತಾ ಕೂರಬೇಡಿ. ಬಾಕಿಗಿಂತ ಹೆಚ್ಚು ಹಣ ಬಂದಿದ್ದರೆ ಉಳಿದದ್ದು ಮಾಲೀಕರದ್ದು. ಅದನ್ನು ಕೇಳಿ ಪಡೆಯಬೇಕು.

ಕೊಳ್ಳುವವರಿಗೆ

ಪ್ರಕಟಣೆ ಕೈಗೆ ಸಿಕ್ಕಿದರೆ ಬೆಲೆ ಆಮೇಲೆ, ಸರ್ವೆ ನಂಬರು ಮತ್ತು ಚಕ್ಕುಬಂದಿ (ಜಾಗದ ನಾಲ್ಕು ದಿಕ್ಕಿನ ಗಡಿ) ಮೊದಲು ಓದಿ. ಹಳೇ ಕ್ರಮದಲ್ಲಿ ಡಂಗುರ ಹೊಡೆಸಿ ಸಾರಬೇಕು ಅಂತಲೇ ಕಾನೂನಿನಲ್ಲಿ ಉಂಟು. ಈಗ ನೋಟಿಸ್ ಬೋರ್ಡು, ಪತ್ರಿಕೆ ನೋಡಬೇಕು.

ಜಾಗ ನೋಡಲು ಹೋದಾಗ ತೋಟದ ಅಂಚಿನಲ್ಲಿ ನಿಂತು ಯಾರೋ ಕೈ ತೋರಿಸಿ "ಅಲ್ಲಿವರೆಗೂ ನಿಮ್ಮದೇ" ಅನ್ನುತ್ತಾರೆ. ಅದರಲ್ಲಿ ಎಷ್ಟು ವರ್ಗ, ಎಷ್ಟು ಕುಮ್ಕಿ? ವರ್ಗ ಎಂದರೆ ಕಂದಾಯ ಕಟ್ಟುವ ಸ್ವಂತ ಪಟ್ಟಾ ಜಾಗ. ಕುಮ್ಕಿ ಎಂದರೆ ವರ್ಗ ಜಾಗಕ್ಕೆ ತಾಗಿ 100 ಗಜದೊಳಗಿನ ಸರ್ಕಾರಿ ಜಾಗ. ಸೊಪ್ಪು ತರಲು, ದನ ಮೇಯಿಸಲು ವರ್ಗದಾರರಿಗೆ ಸವಲತ್ತು, ಒಡೆತನ ಅಲ್ಲ. ತೆಂಗು, ಅಡಕೆ ಹಾಕಿದ್ದಾರೆಂದು ಅದು ಅವರದ್ದಾಗುವುದಿಲ್ಲ, ಹರಾಜಿನಲ್ಲಿ ನಿಮ್ಮದೂ ಆಗುವುದಿಲ್ಲ. ಪಹಣಿ ಮತ್ತು ಸರ್ವೆ ನಕ್ಷೆ ಹಿಡಿದುಕೊಂಡೇ ಜಾಗ ಸುತ್ತಿ.

ಮೂಲಗೇಣಿ, ಅಂದರೆ ಶಾಶ್ವತ ಗೇಣಿ, ಇನ್ನೊಂದು. ತಲೆಮಾರುಗಳಿಂದ ಮನೆ ಕಟ್ಟಿಕೊಂಡಿರುವವರು ಒಬ್ಬರು, ಜಾಗದ ಒಡೆಯರಾದ ಮೂಲಿದಾರರು ಇನ್ನೊಬ್ಬರು. ಮೂಲಗೇಣಿದಾರರಿಗೆ ಒಡೆತನ ಕೊಡುವ ಕಾಯ್ದೆ 2011ರದ್ದು. ನೀವು ನೋಡುತ್ತಿರುವ ಜಾಗಕ್ಕೆ ಅದರ ಪ್ರಕಾರ ಕಾಗದ ಆಗಿದೆಯಾ ಕೇಳಿ. ಅಳಿಯಸಂತಾನದ (ತಾಯಿಯ ಕಡೆಯಿಂದ ಆಸ್ತಿ ಬರುವ ಪದ್ಧತಿಯ) ಕುಟುಂಬದ ಆಸ್ತಿಯಾದರೆ ಇನ್ನೂ ಜಾಗ್ರತೆ ಬೇಕು. ಒಬ್ಬ ಮಾವನ ತೆರಿಗೆ ಬಾಕಿಗೆ ಅವರ ಪಾಲು ಮಾರಬಹುದು, ಅಕ್ಕತಂಗಿಯರ ಪಾಲು ಅಲ್ಲ. ಕೊಂಡ ನೀವು ಆ ಮನೆಯವರ ಜೊತೆ ಪಾಲುದಾರರಾಗುತ್ತೀರಿ, ವಿಭಾಗಕ್ಕೆ ಸಿವಿಲ್ ಕೋರ್ಟು ಹತ್ತುತ್ತೀರಿ. ಹೊಸದಾಗಿ ಊರಿಗೆ ಬಂದವರಿಗೆ ಇಂಥ ಕುಟುಂಬದ ಪಾಲು ಬೇಡ ಎಂದೇ ನಮ್ಮ ಸಲಹೆ, ಬೆಲೆ ಎಷ್ಟೇ ಕಡಿಮೆ ಇರಲಿ.

ಋಣಭಾರ ಪತ್ರವನ್ನು (ಇಸಿ) ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್ಲಿನಲ್ಲಿ ತೆಗೆಯಬಹುದು. ಆದರೆ ನೀರಿನ ಬಿಲ್ಲು, ಅಪಾರ್ಟ್‌ಮೆಂಟಿನ ಮೆಂಟೇನೆನ್ಸ್ ಬಾಕಿ, ಬಾಡಿಗೆಯವರು ಅದರಲ್ಲಿ ಕಾಣುವುದಿಲ್ಲ. ಒಳಗೆ ಯಾರಿದ್ದಾರೆ ಎಂದು ಪಕ್ಕದ ಮನೆಯಲ್ಲಿ ವಿಚಾರಿಸಿ.

ಕೂಗು ನಿಮ್ಮದಾದರೆ 25% ಅಲ್ಲೇ ಕಟ್ಟಬೇಕು. ಇಲ್ಲದಿದ್ದರೆ ತಕ್ಷಣ ಮರುಹರಾಜು. ಉಳಿದದ್ದಕ್ಕೆ ಗಡುವು ಚಿಕ್ಕದು, ಮೀರಿದರೆ ಠೇವಣಿಯೂ ಹೋಗಬಹುದು. ಮನೆಸಾಲ ಮಂಜೂರಾದೀತು ಎಂಬ ನಂಬಿಕೆಯಲ್ಲಿ ಕೈ ಎತ್ತಬೇಡಿ. ಹಣ ಪೂರ್ತಿ ಕಟ್ಟಿದರೂ ಮಾಲೀಕರ 30 ದಿನ ಮುಗಿದು ಹರಾಜು ಖಾಯಂ ಆಗುವವರೆಗೆ ಪೈಂಟಿಂಗು, ಬಾವಿ ರಿಪೇರಿ ಯಾವುದಕ್ಕೂ ಕೈ ಹಾಕಬೇಡಿ. ಖಾಯಂ ಆದ ಮೇಲೆ ಸಿಗುವ ಮಾರಾಟ ಪ್ರಮಾಣಪತ್ರದ ಪ್ರತಿ ಉಪನೋಂದಣಿ ಕಚೇರಿಗೆ ಹೋಗಿದೆಯಾ ವಿಚಾರಿಸಿ, ಹೊಸ ಋಣಭಾರ ಪತ್ರ ತೆಗೆದು ನಿಮ್ಮ ಹೆಸರು ಬಂದಿದೆಯಾ ನೋಡಿ. ಆಮೇಲೆ ಖಾತಾ ಬದಲಾವಣೆಗೆ ಅರ್ಜಿ ಕೊಡಿ, ಸ್ವೀಕೃತಿ ಚೀಟಿ ಫೈಲಿನಲ್ಲಿಡಿ.