ಮೇಳದಲ್ಲಿ ಮಣ್ಣಿನ ಹೂಜಿ ಮಾರುವವರಿಗೆ

ಕೋಲಾರ, ಮುಳಬಾಗಿಲು ಕಡೆಯ ಕರಕುಶಲ ಮೇಳಗಳಲ್ಲಿ ಮಡಕೆ, ಹೂಜಿ ಇಡುವವರು ಒಂದು ಹೂಜಿಯನ್ನು ಮಾರದೆ ನೀರಿಗೆ ಮೀಸಲಿಡಿ. ಹಿಂದಿನ ರಾತ್ರಿಯೇ ನೆನೆಸಿ, ಬೆಳಿಗ್ಗೆ ನೀರು ತುಂಬಿ, ಮಳಿಗೆ ಮುಂದೆ ಗಾಳಿ ಆಡುವ ನೆರಳಲ್ಲಿ ಒದ್ದೆ ಮರಳಿನ ಮೇಲೆ ಇಡಿ. ಪಕ್ಕದಲ್ಲಿ ಸ್ಟೀಲ್ ಬಿಂದಿಗೆಯಲ್ಲೂ ಅದೇ ನೀರು ಇರಲಿ. ಬಂದವರು ಎರಡನ್ನೂ ಮುಟ್ಟಿ ನೋಡಲಿ, ಒಂದು ಲೋಟ ಕುಡಿಯಲಿ. ಸುಟ್ಟ ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಹೊರಮೈಯಲ್ಲಿ ಆರುತ್ತದೆ, ಆರುವಾಗ ಒಳಗಿನ ಶಾಖ ಎಳೆದುಕೊಳ್ಳುತ್ತದೆ. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ಕೈಗೆ ತಗುಲಿದ ತಂಪಿನಷ್ಟು ನಾಟುವುದಿಲ್ಲ. ಹೊರಗಿನ ತೇವ ನೋಡಿ ‘ಸೋರುತ್ತಾ?’ ಅಂತ ಕೇಳುವವರು ಇದ್ದೇ ಇರುತ್ತಾರೆ. ಆ ತೇವದಿಂದಲೇ ತಂಪು ಅಲ್ವಾ, ಅಲ್ಲೇ ಮುಟ್ಟಿಸಿ ತೋರಿಸಿ. ಮಳೆ ಹಿಡಿದ ದಿನ, ಗಾಳಿ ಆಡದ ಸಭಾಂಗಣದಲ್ಲಿ ಇದು ಅಷ್ಟಾಗಿ ನಡೆಯುವುದಿಲ್ಲ, ನೀರು ಆರುವುದೇ ನಿಧಾನ. ಪೇಂಟ್, ವಾರ್ನಿಷ್ ಬಳಿದ ಹೂಜಿಯನ್ನಂತೂ ಇಡಲೇಬೇಡಿ, ರಂಧ್ರಗಳು ಮುಚ್ಚಿಹೋಗಿರುತ್ತವೆ. ಅಂಥವನ್ನು ಅಲಂಕಾರದ ಸಾಮಾನು ಅಂತಲೇ ಬೇರೆ ಸಾಲಲ್ಲಿಟ್ಟು ಮಾರಿ, ಕುಡಿಯುವ ನೀರಿಗೆ ಅಂತ ಕೊಡಬೇಡಿ.