ಒಂದು ಸಲಕ್ಕೆ ಒಂದೇ ಸೆಟ್ಟಿಂಗ್

ಸೈಬರ್ ಸೆಕ್ಯುರಿಟಿ ಕೆಲಸದಲ್ಲಿದ್ದೇನೆ ಅಂತ ಗೊತ್ತಾದರೆ ಸಾಕು, ನೆಂಟರು ಫೋನ್ ಹಿಡಿದುಕೊಂಡೇ ಪಕ್ಕದಲ್ಲಿ ಬಂದು ಕೂರುತ್ತಾರೆ. ಉದ್ದದ ಪಟ್ಟಿ ಕೊಡುವ ಅಭ್ಯಾಸ ನನಗಿಲ್ಲ. 'ಹುಷಾರಾಗಿರಿ' ಅಂತ ಸುಮ್ನೆ ಹೇಳುವುದೂ ಇಲ್ಲ. ಯಾವ ಕೆಲಸಕ್ಕೆ ಫೋನ್ ಬಳಸುತ್ತಾರೆ ಅಂತ ಕೇಳಿ, ಒಂದೇ ಒಂದು ಸೆಟ್ಟಿಂಗ್ ಅವರ ಕೈಯಿಂದಲೇ ಮಾಡಿಸುತ್ತೇನೆ. ಉಳಿದದ್ದು ಮುಂದಿನ ಹಬ್ಬಕ್ಕೆ.

ಗಿರಿನಗರದ ಚಿಕ್ಕಮ್ಮ ಸೈಟ್ ರಿಜಿಸ್ಟ್ರೇಷನ್ ಮಾಡಿಸಿದ್ದರು. ಅವರಿಗೆ ಆರಿಸಿದ್ದು ಆಧಾರ್ ಬಯೋಮೆಟ್ರಿಕ್ ಲಾಕ್. ನೋಂದಣಿ ಪತ್ರಗಳಲ್ಲಿನ ಬೆರಳಚ್ಚು ನಕಲು ಮಾಡಿ, ಓಟಿಪಿಯೇ ಇಲ್ಲದೆ ಆಧಾರ್ ಮೂಲಕ ಬ್ಯಾಂಕ್ ಖಾತೆಯಿಂದ ದುಡ್ಡು ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ಬೆಂಗಳೂರಲ್ಲೇ ಬಂದಿದ್ದವು. ಲಾಕ್ ಹಾಕಿದರೆ ಆ ಬೆರಳಚ್ಚು ನಡೆಯುವುದಿಲ್ಲ. ಅಷ್ಟು ಹೇಳುತ್ತಿದ್ದ ಹಾಗೆ ಚಿಕ್ಕಮ್ಮ, 'ಅಲ್ಲಪ್ಪಾ, ರೇಷನ್ ಅಂಗಡೀಲಿ ಬೆರಳು ಒತ್ತಬೇಕಲ್ಲ?' ಅಂದರು. ನೂರಕ್ಕೆ ನೂರು ಸರಿಯಾದ ಪ್ರಶ್ನೆ. ಲಾಕ್ ಇದ್ದರೆ ಅಲ್ಲೂ ತಗೊಳ್ಳುವುದಿಲ್ಲ. ಹಾಗಾಗಿ ಲಾಕ್ ಹಾಕಿಸಿ, ತೆಗೆಸಿ, ಮತ್ತೆ ಹಾಕಿಸಿದೆ. ಬರೀ ಹಾಕುವುದನ್ನು ಕಲಿಸಿ ಎದ್ದು ಬಂದರೆ, ರೇಷನ್ ಕ್ಯೂನಲ್ಲಿ ಪರದಾಡಿದ ದಿನವೇ ಯಾರ ಕೈಲೋ ಅದನ್ನು ತೆಗೆಸಿಬಿಡುತ್ತಾರೆ.

ಗೆಳೆಯರಿಗೆ ಸಾಮಾನ್ಯವಾಗಿ ವಾಟ್ಸಾಪ್‌ನ ಟು-ಸ್ಟೆಪ್ ವೆರಿಫಿಕೇಶನ್. 'ತಪ್ಪಿ ನಿನ್ನ ನಂಬರ್‌ಗೆ ಕೋಡ್ ಬಂದಿದೆ, ಕಳಿಸು ಮಗಾ' ಅಂತ ಗೊತ್ತಿರುವವರ ನಂಬರ್‌ನಿಂದಲೇ ಮೆಸೇಜ್ ಬರುತ್ತದೆ, ಯಾಕೆಂದರೆ ಅವರ ಖಾತೆ ಆಗಲೇ ಕಳ್ಳನ ಕೈಲಿರುತ್ತದೆ. ಅದು ನಿಮ್ಮ ವಾಟ್ಸಾಪ್ ಅನ್ನು ಅವನ ಫೋನ್‌ನಲ್ಲಿ ತೆರೆಯುವ ಕೋಡ್. ಕೊಟ್ಟುಬಿಟ್ಟರೂ ನೀವೇ ಇಟ್ಟ ಆರಂಕಿ ಪಿನ್ ಅವನಿಗೆ ಅಡ್ಡ ಬರುತ್ತದೆ. ಜೊತೆಗೆ ಇಮೇಲ್ ಸೇರಿಸಿಡಿ, ಪಿನ್ ಮರೆತರೆ ಬೇಕಾಗುತ್ತದೆ.

ಅಪ್ಪ ಪಾಸ್‌ವರ್ಡ್‌ಗಳನ್ನು ಹಳೇ ಡೈರಿಯಲ್ಲಿ ಬರೆದಿಡುತ್ತಾರೆ. ಇಟ್ಟುಕೊಳ್ಳಲಿ, ಬೀರುವಿಗೆ ಬೀಗ ಇದೆ. ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇಟ್ಟಿದ್ದರಲ್ಲ, ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಮೊದಲು ಬದಲಾಯಿಸಿದ್ದು ಇಮೇಲ್‌ನದ್ದು. ಬೇರೆ ಖಾತೆಗಳ ಪಾಸ್‌ವರ್ಡ್ ರೀಸೆಟ್ ಲಿಂಕ್ ಬರುವುದು ಅಲ್ಲಿಗೇ ಅಲ್ವಾ?

ಭಾವ ಕೇಳಿದ್ದು ಬೇರೆ. ಮಗಳಿಗೆ ಗೊತ್ತಾಗದ ಹಾಗೆ ಅವಳ ಲೊಕೇಶನ್ ತಮ್ಮ ಫೋನ್‌ಗೆ ಬರಬೇಕಂತೆ. ಆಗಲ್ಲ ಅಂದೆ. ಅವಳನ್ನೇ ಕೇಳಿ, ಒಪ್ಪಿದರೆ ಅವಳೇ ಶೇರ್ ಮಾಡಲಿ. ಸ್ವಲ್ಪ ಮುನಿಸಿಕೊಂಡರು, ಇರಲಿ.

ಹೊರಡುವ ಮುಂಚೆ ಎಲ್ಲರ ಫೋನ್‌ನಲ್ಲೂ ಸೈಬರ್ ವಂಚನೆಯ ದೂರು ಕೊಡುವ ಸರ್ಕಾರಿ ನಂಬರ್ 1930 ಸೇವ್ ಮಾಡಿಸುತ್ತೇನೆ, 'ದುಡ್ಡು ಹೋದ್ರೆ' ಅನ್ನುವ ಹೆಸರಲ್ಲಿ. 'ಸೈಬರ್ ಹೆಲ್ಪ್‌ಲೈನ್' ಅಂತ ಇಟ್ಟರೆ ಗಾಬರಿಯಲ್ಲಿ ಯಾರಿಗೆ ನೆನಪಾಗುತ್ತದೆ? ಬೇಗ ಫೋನ್ ಮಾಡಿದರೆ ದುಡ್ಡು ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಹಿಡಿಯುವ ಅವಕಾಶ ಜಾಸ್ತಿ. ಆದರೆ ಮನೆಯಲ್ಲಿ ಬೈತಾರೆ ಅಂತ ಬಾಯಿ ಬಿಡದೆ ಕೂರುವವರೂ ಇದ್ದಾರೆ. ಅದಕ್ಕೇ ಮನೆಯ ಉಳಿದವರಿಗೂ ಹೇಳಿ ಬರುತ್ತೇನೆ: ಮೊದಲು 1930, ಬೈಯುವುದಿದ್ದರೆ ನಾಳೆ.