ಧೂಳಿನ ಸೀಮೆಯಲ್ಲಿ ತ್ರೀ ನಾಟ್ ತ್ರೀ: ಬಿಚ್ಚುವುದು, ಒರೆಸುವುದು, ಕಾಪಾಡುವುದು

ಕಲಬುರಗಿ, ಯಾದಗಿರಿ ಕಡೆ ತೊಗರಿ ರಾಶಿಯ ದಿನಗಳಲ್ಲಿ ಮೈದಾನದ ಧೂಳು ರೈಫಲಿನ ಯಾವ ಸಂದಿಯನ್ನೂ ಬಿಡುವುದಿಲ್ಲ. ಇಲ್ಲಿ ಹಳೆಯ ತ್ರೀ ನಾಟ್ ತ್ರೀಯ, ಅಂದರೆ .303 ಬೋರಿನ ಲೀ-ಎನ್‌ಫೀಲ್ಡ್ ರೈಫಲಿನ, ಬೆಲೆ ಗೊತ್ತಾಗುತ್ತದೆ. ಯಾವ ಸಲಕರಣೆಯೂ ಇಲ್ಲದೆ ಬೋಲ್ಟ್ (ಗುಂಡನ್ನು ಒಳಗೆ ತಳ್ಳಿ ಬಂದ್ ಮಾಡುವ, ಹಿಂದೆ-ಮುಂದೆ ಸರಿಯುವ ಭಾಗ) ಕೈಗೆ ಬರುತ್ತದೆ. ಪುಲ್‌ಥ್ರೂ (ಚಿಂದಿ ಸಿಕ್ಕಿಸಿ ನಳಿಗೆ ಒರೆಸುವ, ತುದಿಗೆ ತೂಕವಿರುವ ಹಗ್ಗ), ಎಣ್ಣೆ ಬಾಟಲಿ ಎರಡೂ ಬಟ್ಟಿನೊಳಗೇ, ಅಂದರೆ ಹೆಗಲಿಗೆ ಒತ್ತುವ ಹಿಂಬದಿ ಕಟ್ಟಿಗೆಯೊಳಗೇ, ಇರುತ್ತವೆ. ಕೆಳಗಿನದು ಪಶ್ಚಿಮ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾದ ನಂಬರ್ 1 ಮಾರ್ಕ್ 3 ಮಾದರಿಗೆ. ಇದು ನಿಷೇಧಿತ ಬೋರ್, ಸರಕಾರಿ ಆಯುಧ. ಇನ್‌ಸ್ಟ್ರಕ್ಟರ್ ಎದುರಿಗೇ ಬಿಚ್ಚಿ. ಡಿಪಿ (ಡ್ರಿಲ್ ಪರ್ಪಸ್) ಎಂದು ಕೊರೆದಿದ್ದರೆ ಅದು ಕವಾಯತಿಗೆ ಮಾತ್ರ, ಅದಕ್ಕೆ ಗುಂಡು ಹಾಕಲೇಬಾರದು.

ಮೊದಲು ಮ್ಯಾಗಜಿನ್ ತೆಗೆಯಿರಿ. ಬೋಲ್ಟ್ ಹಿಂದಕ್ಕೆಳೆದು ಚೇಂಬರ್ (ನಳಿಗೆಯಲ್ಲಿ ಗುಂಡು ಕೂರುವ ಹಿಂತುದಿ) ಖಾಲಿ ಇದೆಯೇ ಎಂದು ಕಣ್ಣಿಂದಲೂ ಕಿರುಬೆರಳಿಂದಲೂ ನೋಡಿ. ಸೇಫ್ಟಿ ಮುಂದಕ್ಕಿರಲಿ. ಬೋಲ್ಟನ್ನು ಪೂರ್ತಿ ಹಿಂದಕ್ಕೆ ಎಳೆದು, ಬೋಲ್ಟಿನ ಮುಂತುದಿಯಾದ ಬೋಲ್ಟ್ ಹೆಡ್ಡನ್ನು ಬಲಬದಿಯ ಪಟ್ಟಿಯಿಂದ ಮೇಲಕ್ಕೆ ತಿರುಗಿಸಿದರೆ ಟಕ್ಕೆಂದು ಬಿಡುತ್ತದೆ. ಆಮೇಲೆ ಹಿಂದಕ್ಕೆ ಜಗ್ಗಿ ತೆಗೆಯಿರಿ.

ಒರೆಸಲು 4 × 2 ಇಂಚಿನ ಒಣ ಚಿಂದಿ, ಎಣ್ಣೆಗೆ 4 × 1½ ಇಂಚಿನದು. ಪುಲ್‌ಥ್ರೂವಿನ ತೂಕವನ್ನು ಚೇಂಬರ್ ಕಡೆಯಿಂದ ಇಳಿಬಿಟ್ಟು, ಬಾಯಿಯ ಕಡೆಯಿಂದ ನೆಟ್ಟಗೆ, ಒಂದೇ ಉಸಿರಿಗೆ ಎಳೆಯಿರಿ. ಓರೆಯಾಗಿ ಎಳೆದರೆ ಹಗ್ಗ ನಳಿಗೆಯ ಬಾಯಿಯನ್ನು ತಿನ್ನುತ್ತದೆ, ಗುರಿ ಕೆಡುವುದು ಅಲ್ಲಿಂದಲೇ. ಚಿಂದಿ ಬಿಳಿಯಾಗಿ ಬರುವವರೆಗೂ ಬಿಡಬೇಡಿ. ಹಳೆಯ ಕಾರ್ಡೈಟ್ ಮದ್ದಿನ ಗುಂಡು ಹಾರಿಸಿದ್ದರೆ ಎಣ್ಣೆ ಸಾಲದು. ಅದರ ಕ್ಯಾಪ್ (ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಮುಚ್ಚಳ) ಬಿಟ್ಟ ಉಪ್ಪು, ನೀರಿನಲ್ಲಿ ಮಾತ್ರ ಕರಗುತ್ತದೆ. ಚೇಂಬರ್ ಕಡೆಯಿಂದ ಆಲಿಕೆ ಇಟ್ಟು ಎರಡು ಲೀಟರ್ ಕುದಿಯುವ ನೀರು ಹೊಯ್ದು, ಒಣಗಿಸಿ, ಆಮೇಲೆ ಎಣ್ಣೆ ಸವರಿ.

ಎಲ್ಲರೂ ತಪ್ಪುವುದು ಎಣ್ಣೆಯಲ್ಲೇ. ಬೋಲ್ಟ್ ಮೇಲೆ ಎಣ್ಣೆ ಮಿನುಗಿದರೆ ಅದು ಜಾಸ್ತಿಯಾಯಿತು ಎಂದೇ ಅರ್ಥ. ಎರಿ ಮಣ್ಣಿನ ಧೂಳು ಎಣ್ಣೆಗೆ ಕೂತು ಕರಿ ಹಿಟ್ಟಾಗುತ್ತದೆ, ಬೀದರಿನ ಕೆಂಪು ಮಣ್ಣಾದರೆ ಸಾಣೆಯಂತೆ ತೇಯುತ್ತದೆ. ಹಚ್ಚಿ, ಒಣ ಬಟ್ಟೆಯಿಂದ ಒರೆಸಿ. ಬೆರಳಿಗೆ ಜಿಡ್ಡು ಹತ್ತಿದರೆ ಸಾಕು.

ಬೋಲ್ಟ್ ಮೇಲಿನ ನಂಬರು ರೈಫಲಿನ ನಂಬರಿಗೆ ತಾಳೆಯಾಗಲೇಬೇಕು. ಹತ್ತು ರೈಫಲು ಒಟ್ಟಿಗೆ ಬಿಚ್ಚಿದಾಗ ಅದಲು-ಬದಲಾಗುವುದು ಸುಲಭ. ಹಾಗಾದರೆ ಹೆಡ್‌ಸ್ಪೇಸ್ (ಬೋಲ್ಟ್ ಮುಖಕ್ಕೂ ಚೇಂಬರಿನಲ್ಲಿ ಕೂತ ಗುಂಡಿಗೂ ಇರಬೇಕಾದ ಅಳತೆ) ತಪ್ಪಿ, ಗುಂಡಿನ ಖೋಕಾ ನಡುವೆ ಹರಿಯಬಹುದು. ಕೂಡಿಸುವಾಗ ಬೋಲ್ಟ್ ಹೆಡ್ ಪೂರ್ತಿ ತಿರುಗಿ ಕೂತಿರಲಿ.

ಮ್ಯಾಗಜಿನ್ 10 ಗುಂಡಿನದು. ಒಂದೊಂದೇ ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು, ಇಲ್ಲದಿದ್ದರೆ ಒಂದಕ್ಕೊಂದು ಸಿಕ್ಕಿ ಬೋಲ್ಟ್ ಮುಂದೆ ಹೋಗುವುದಿಲ್ಲ. ಇದರಂತೆಯೇ ಕಾಣುವ 2ಎ1 ರೈಫಲಿನದು 7.62 ಮಿ.ಮೀ. ಗುಂಡು, ಚೌಕ ಮ್ಯಾಗಜಿನ್. ಎರಡರ ಗುಂಡು ಬೆರೆಸಬೇಡಿ.

ಏಪ್ರಿಲ್-ಮೇ ಬಿಸಿಲಿಗೆ ಕಟ್ಟಿಗೆ ಒಣಗಿ ಬ್ಯಾಂಡಿನ (ನಳಿಗೆ, ಕಟ್ಟಿಗೆ ಎರಡನ್ನೂ ಹಿಡಿದಿಡುವ ಪಟ್ಟಿ) ಸ್ಕ್ರೂ ಸಡಿಲಾಗುತ್ತದೆ. ನಮ್ಮ ಗಾಣದ ಅಗಸಿ ಎಣ್ಣೆಯೇ ಇದಕ್ಕೆ ಮದ್ದು: ಅಂಗೈಯಿಂದ ತೆಳ್ಳಗೆ ತಿಕ್ಕಿ, ಒಂದು ರಾತ್ರಿ ಬಿಟ್ಟು ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿ, ಅಗಸಿ ಎಣ್ಣೆ ಒಣಗುತ್ತಾ ಕಾವು ಏರಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರಡಿ ಒಣಹಾಕಿ.